ಮದರಾಸಿನಲ್ಲಿ ನನ್ನ ಕಿವಿ

ಸೆಂಟ್ರಲ್

ಹೊರದೇಶ ನೋಡಿ ಬಂದವರು ನಮ್ಮ ಮನೆತನದಲ್ಲಿ ಇಬ್ಬರು ಮೂವರು ಇದ್ದಾರೆ. ನಾನಲ್ಲ. ನನ್ನ ಮಟ್ಟಿಗೆ ಜೋಲಾರಪೇಟೆ ದಾಟಿದರೆ ಪರದೇಶ. ಅಂಗಡಿಯ ಬೋರ್ಡು ಓದಲು ಬಾರದ, ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ಬಾರದ ಊರು ಪರದೇಶವಲ್ಲದೆ ಇನ್ನೇನು? ಅಂಥ ಪರದೇಶಕ್ಕೆ, ಐವತ್ತು ದಾಟಿದ ಮೇಲೆ, ಒಬ್ಬಳೇ ರೈಲು ಹತ್ತಿ ಹೋದೆ. ದೇವರ ದರ್ಶನಕ್ಕಲ್ಲ, ಮದುವೆಗಲ್ಲ. ಹೆಡ್‌ಫೋನು ಹಾಕಿಕೊಂಡು ಕೂತು, ಇದು ಚೆನ್ನಾಗಿದೆ, ಅದು ಚೆನ್ನಾಗಿಲ್ಲ ಎಂದು ಹೇಳುವುದಕ್ಕೆ.

ವಯಸ್ಸಿನ ಬಹುಭಾಗ ನಾನು ಟೆಲಿಫೋನ್ ಆಪರೇಟರ್ ಆಗಿದ್ದವಳು. ತಲೆಗೆ ಉಕ್ಕಿನ ಪಟ್ಟಿ, ಎಡಗಿವಿಗೆ ಒಂದು ಕರಿಯ ಬಿಲ್ಲೆ, ಬಾಯಿಯ ಮುಂದೆ ಕೊಂಬಿನಂಥ ಮೈಕು. ಟ್ರಂಕ್ ಕಾಲ್ ಬುಕ್ ಮಾಡಿ ಜನ ಬಾಗಿಲಲ್ಲಿ ಕಾದು ಕೂರುತ್ತಿದ್ದ ಕಾಲದಿಂದ ಹಿಡಿದು, ಬೀದಿಗೊಂದು ಎಸ್‌ಟಿಡಿ ಬೂತು ಬಂದು ನಮ್ಮ ಬೋರ್ಡುಗಳನ್ನು ಬಿಚ್ಚಿ ಲಾರಿಗೆ ತುಂಬಿದ ಕಾಲದವರೆಗೂ ಆ ಪಟ್ಟಿ ನನ್ನ ತಲೆಯ ಮೇಲಿತ್ತು. ಆಮೇಲೆ ಸ್ವಯಂನಿವೃತ್ತಿ ತೆಗೆದುಕೊಂಡು ತಿಪಟೂರಿನ ಮನೆ ಸೇರಿದೆ. ವನಮಾಲಾಗೆ ಫೋನಿನಲ್ಲಿ ಯಾರಾದರೂ ಉಸಿರು ಬಿಟ್ಟರೆ ಸಾಕು, ಯಾರು ಅಂತ ಹೇಳ್ತಾಳೆ ಎಂದು ನಮ್ಮವರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ನಾನು ಬೇಡ ಬೇಡ ಎನ್ನುತ್ತಲೇ ಹಿಗ್ಗುತ್ತಿದ್ದೆ.

ನನ್ನ ತಂಗಿಯ ಮಗಳು ವಿದ್ಯಾ ಆಗ ಚೆನ್ನೈನಲ್ಲಿದ್ದಳು. ಯುರೋಪಿನವರು ತಯಾರಿಸುವ ದುಬಾರಿ ಹೆಡ್‌ಫೋನುಗಳನ್ನು ಮಾರುಕಟ್ಟೆಗೆ ಬಿಡುವ ಮೊದಲು ನಾನಾ ಬಗೆಯ ಜನರಿಗೆ ಕೇಳಿಸಿ ಅಭಿಪ್ರಾಯ ಕಲೆಹಾಕುವುದು ಅವಳ ಆಫೀಸಿನ ಕೆಲಸ. ಒಂದು ದಿನ ಫೋನ್ ಮಾಡಿದಳು.

"ದೊಡ್ಡಮ್ಮ, ಈ ಸಲ ನೀವೂ ಬನ್ನಿ. ನಿಮ್ಮ ಕಿವಿ ನಮಗೆ ಬೇಕು."

"ಕಿವಿ ಒಂದನ್ನೇ ಕಳಿಸಲೇನೇ?"

"ತಲೆನೂ ಜೊತೆಗೆ ತನ್ನಿ. ಎಷ್ಟು ಹೊತ್ತು ಹಾಕ್ಕೊಂಡ್ರೆ ನೋಯತ್ತೆ ಅನ್ನೋದೂ ತಿಳೀಬೇಕು ನಮಗೆ."

ಹೀಗೆ ಹೊರಟವಳು ಮೊದಲ ಹೆಜ್ಜೆಯಲ್ಲೇ ಎಡವಿದೆ. ಕಂಪನಿಯ ಕೆಲಸದ ಮೇಲೆ ವಿದ್ಯಾ ಸ್ಟೇಷನ್ನಿಗೆ ಬರಲಾಗದೆ, ಆಟೋ ಹಿಡಿದು ಪೋರೂರಿಗೆ ಬಂದುಬಿಡಿ ಎಂದಿದ್ದಳು. ಅವಳ ಮನೆ ಪೋರೂರು, ಆಫೀಸು ಪೆರುಂಗುಡಿ. ಸೆಂಟ್ರಲ್ ಸ್ಟೇಷನ್ನಿನ ಹೊರಗೆ ಕಾಲಿಟ್ಟದ್ದೇ ತಡ, ಬಿಸಿಗಾಳಿ ಒಗೆದ ಕಂಬಳಿಯ ಹಾಗೆ ಮೈಗೆ ಸುತ್ತಿಕೊಂಡಿತು. ಆಟೋದವನು "ಎಂಗಮ್ಮಾ ಪೋಣುಂ?" ಎಂದಾಗ ನನ್ನ ಬಾಯಿಂದ ಬಂದದ್ದು ಪೆರಂಬೂರು, ಸೆಂಟ್ರಲ್‌ಗೆ ಮೊದಲು ರೈಲು ನಿಂತಿದ್ದ ಸ್ಟೇಷನ್ನಿನ ಹೆಸರು. ಮೂರೂ ಹೆಸರು ಪಕಾರದ್ದೇ, ದಾರಿಯುದ್ದಕ್ಕೂ ಜಪ ಮಾಡಿಕೊಂಡು ಬಂದರೂ ಕಲಸಿಹೋಗಿದ್ದವು. ಅವನು ನಿಯತ್ತಾಗಿ ಪೆರಂಬೂರಿಗೇ ಕರೆದೊಯ್ದ. ರೈಲ್ವೆ ವರ್ಕ್‌ಶಾಪಿನ ಉದ್ದುದ್ದ ಗೋಡೆ, ಅದರ ಪಕ್ಕದಲ್ಲಿ ನೀರಿನ ಲಾರಿಗೆ ಕಾದು ನಿಂತ ಹಸಿರು, ನೀಲಿ, ಕೇಸರಿ ಪ್ಲಾಸ್ಟಿಕ್ ಕೊಡಗಳ ಸಾಲು. ಕೊಡಗಳಷ್ಟೇ ಸಾಲಿನಲ್ಲಿದ್ದವು, ಹೆಂಗಸರು ನೆರಳಿನಲ್ಲಿ ಕೂತಿದ್ದರು. ಯಾರೊಬ್ಬರೂ ಬೇರೆಯವರ ಕೊಡ ಸರಿಸಲಿಲ್ಲ. ನಮ್ಮೂರಿನ ನಲ್ಲಿಯ ಮುಂದೆ ಕಾಣದ ಈ ಶಿಸ್ತಿಗೆ ಬೆರಗಾಗಿ ನೋಡುತ್ತಾ ನಿಂತೆ. ಅವರಲ್ಲೇ ಒಬ್ಬಾಕೆ, ನಾನು ಕೊನೆಗೂ ಚೀಲದಿಂದ ತೆಗೆದ ವಿಳಾಸದ ಚೀಟಿ ಓದಿ, ಆಟೋದವನಿಗೆ ಬೈದು, ನನ್ನನ್ನು ಮತ್ತೆ ಕೂರಿಸಿ ಊರಿನ ಇನ್ನೊಂದು ಕೊನೆಗೆ ಕಳಿಸಿದಳು.

ಪೋರೂರು

ವಿದ್ಯಾಳ ಮನೆ ಕೆರೆಯಿಂದ ಹೆಚ್ಚು ದೂರವಿರಲಿಲ್ಲ. ಆ ವರ್ಷ ಕೆರೆಯಲ್ಲಿ ನೀರಿಗಿಂತ ನೆಲವೇ ಹೆಚ್ಚು ಕಾಣುತ್ತಿತ್ತು. ಅವಳ ಗಂಡ ಮುರಳಿ ಹತ್ತಿರದ ಐಟಿ ಆಫೀಸಿನವನು, ಮಾತು ಕಡಿಮೆ. ಮಗಳು ಅನಘಾ ಒಂದನೆಯ ಕ್ಲಾಸು, ಮಾತೇ ಮಾತು. ಆದರೆ ಆ ಮಾತೆಲ್ಲ ತಮಿಳು. ಅಮ್ಮ ಕನ್ನಡದಲ್ಲಿ ಕೇಳಿದರೆ ಮಗಳು ತಮಿಳಿನಲ್ಲಿ ಉತ್ತರ ಹೇಳುತ್ತಾಳೆ. ಇಬ್ಬರಿಗೂ ಅದರಲ್ಲಿ ಏನೂ ವಿಶೇಷ ಕಾಣುವುದಿಲ್ಲ.

"ಊಟ ಮಾಡ್ದೆಯೇನೇ?"

"ಸಾಪ್ಟಾಚ್ಚು."

"ಹೋಂವರ್ಕು?"

"ಅಪ್ಪುರಂ."

ಊಟ ಆಯ್ತಂತೆ, ಹೋಂವರ್ಕು ಆಮೇಲಂತೆ ಎಂದು ವಿದ್ಯಾ ಬಿಡಿಸಿ ಹೇಳಿದರೆ ನಾನು ನಗುತ್ತಿದ್ದೆ. ಮಗು ನನ್ನ ಹತ್ತಿರ ಬಂದು ಏನೋ ಹೇಳುತ್ತಿತ್ತು, ಹಕ್ಕಿಯ ಹಾಗೆ ಸಣ್ಣ ದನಿ. ನಾನು ಅದರ ಗಲ್ಲ ಹಿಡಿದು, "ನಂಗೆ ತಮಿಳು ಬರಲ್ಲ ಪುಟ್ಟ" ಎನ್ನುತ್ತಿದ್ದೆ. ಅದು ಒಂದು ಗಳಿಗೆ ನನ್ನ ಮುಖ ನೋಡಿ ಓಡಿಹೋಗುತ್ತಿತ್ತು.

ಪೆರುಂಗುಡಿ

ಪೆರುಂಗುಡಿಯಲ್ಲಿ ಆಗ ಗಾಜಿನ ಕಟ್ಟಡಗಳು ಏಳುತ್ತಿದ್ದವು. ರಸ್ತೆಯ ಒಂದು ಕಡೆ ಆಕಾಶ ಮುಟ್ಟುವ ಕನ್ನಡಿ, ಇನ್ನೊಂದು ಕಡೆ ಎಮ್ಮೆಗಳು ಮಲಗಿದ ಜೌಗು. ಗಾಳಿ ಒಂದು ದಿಕ್ಕಿಗೆ ಬೀಸಿದರೆ ಕಡಲಿನ ವಾಸನೆ, ಇನ್ನೊಂದು ದಿಕ್ಕಿಗೆ ಬೀಸಿದರೆ ಊರಿನ ಕಸ ಸುಡುವ ವಾಸನೆ. ಒಳಗೆ ಹೋದರೆ ಮಾತ್ರ ಏನೂ ಇಲ್ಲ. ವಾಸನೆ ಇಲ್ಲ, ಸೆಕೆ ಇಲ್ಲ, ಸದ್ದಂತೂ ಇಲ್ಲವೇ ಇಲ್ಲ.

ಕೇಳುವ ಕೋಣೆಯ ಗೋಡೆ, ಸೂರು, ಬಾಗಿಲು ಎಲ್ಲಕ್ಕೂ ಮೊಟ್ಟೆಯ ತಟ್ಟೆಯಂತೆ ಉಬ್ಬುತಗ್ಗಿನ ಬೂದು ಸ್ಪಂಜು ಅಂಟಿಸಿದ್ದರು. ಬಾಗಿಲು ಮುಚ್ಚಿದಾಗ ಕಿವಿಯ ಮೇಲೆ ಯಾರೋ ಅಂಗೈ ಒತ್ತಿದಂತಾಯಿತು. ಸ್ವಲ್ಪ ಹೊತ್ತಿಗೆ ನನ್ನ ಕುತ್ತಿಗೆಯ ನರ ಬಡಿದುಕೊಳ್ಳುವುದು ನನಗೇ ಕೇಳಿಸಿತು. ನಾನು ಹೆದರಿ ವಿದ್ಯಾಳನ್ನು ನೋಡಿದೆ. ಅವಳು ಗಾಜಿನ ಆಚೆಯಿಂದ ಕೈ ಬೀಸಿದಳು.

ಅಲ್ಲಿ ನನ್ನ ಜೊತೆಗಾರ ವಾಸು. ಬ್ಯಾಂಕಿನ ಅಧಿಕಾರಿ, ನಲವತ್ತರ ಒಳಗಿನವನು, ಹಣೆಯ ಮೇಲೆ ಸಣ್ಣ ಅಂಗಾರ ಅಕ್ಷತೆ. ಅವನ ಮನೆತನದವರು ಮುತ್ತಜ್ಜನ ಕಾಲಕ್ಕೆ ಮದರಾಸಿಗೆ ಬಂದ ವೈಷ್ಣವರು. ಮನೆಮಾತು ಇನ್ನೂ ಕನ್ನಡ, ಆದರೆ ಅದು ಎಲ್ಲಿ ನಿಂತು ತಮಿಳು ಎಲ್ಲಿ ಶುರುವಾಗುತ್ತದೆಂದು ಅವನಿಗೇ ಗೊತ್ತಿಲ್ಲ. ಹೆಡ್‌ಫೋನು ಅವನಿಗೆ ಹುಚ್ಚು. ರಜೆ ಹಾಕಿ ಬಂದು ಇಲ್ಲಿ ಕೂರುತ್ತಿದ್ದ.

"ವಾಂಗೋ ಅಮ್ಮಾ, ಬನ್ನಿ. ನೀವು ಆಪರೇಟರ್ ಅಂತ ವಿದ್ಯಾ ಹೇಳಿದಾ. ಆಗ ನೀವೇ ನಮಗೆಲ್ಲ ಪೆರಿಯವಾ, ದೊಡ್ಡವರು. ರೊಂಬ ಸಂತೋಷ."

ಹೆಡ್‌ಫೋನುಗಳಿಗೆ ಹೆಸರಿರಲಿಲ್ಲ. ಕಂಪನಿಯ ಗುರುತನ್ನೆಲ್ಲ ಕಪ್ಪು ಟೇಪಿನಿಂದ ಮುಚ್ಚಿ, ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು, ಒಂದಕ್ಕೆ ಹಳದಿ, ಹೀಗೆ ದಾರ ಕಟ್ಟಿದ್ದರು. ಕೆಂಪು ದಾರದ್ದನ್ನು ವಿದ್ಯಾ ತಾನೇ ನನ್ನ ತಲೆಗೆ ಇಟ್ಟಳು. ಮೆತ್ತೆಗಳು ಕಿವಿಯನ್ನು ಮುಟ್ಟಲಿಲ್ಲ, ಕಿವಿಯ ಸುತ್ತ ಕೂತವು. ಆಮೇಲೆ ತಂಬೂರಿ ಶುರುವಾಯಿತು.

ನಾನು ಹಿಂದಿರುಗಿ ನೋಡಿದೆ. ನಿಜವಾಗಿಯೂ ತಿರುಗಿ ನೋಡಿದೆ, ಏಕೆಂದರೆ ತಂಬೂರಿ ಹಿಡಿದವರು ನನ್ನ ಬೆನ್ನ ಹಿಂದೆ ಎಡಕ್ಕೆ ಕೂತಿದ್ದರು. ಯಾರೂ ಇರಲಿಲ್ಲ. ವಾಸು ನಕ್ಕ. ಹಾಡುಗಾರ್ತಿ ದನಿ ತೆಗೆದಳು. ಆಕೆ ಹಾಡುವ ಮೊದಲು ಎಳೆದುಕೊಂಡ ಉಸಿರು, ತಾಳ ಹಾಕುವ ಕೈ ತೊಡೆಗೆ ತಾಗುವ ಮೆತ್ತನೆಯ ಸದ್ದು, ಮೃದಂಗದ ಎಡಭಾಗ ಗುಮ್ಮೆಂದು ಹೊಟ್ಟೆಯೊಳಗೆ ಇಳಿದದ್ದು. ಇಷ್ಟು ವರ್ಷ ಕಿವಿಗೆ ಬಿಲ್ಲೆ ಕಟ್ಟಿಕೊಂಡು ಬದುಕಿದವಳು ನಾನು. ಸಾವಿರಾರು ಜನರ ದನಿ ಕೇಳಿದ್ದೆ, ಸಾವಿನ ಸುದ್ದಿ, ಹೆರಿಗೆಯ ಸುದ್ದಿ, ಕೊಬ್ಬರಿಯ ಧಾರಣೆ. ಅದೆಲ್ಲ ತಂತಿಯೊಳಗೆ ಹಿಂಡಿ ಬಂದ ದನಿ. ಒಬ್ಬ ಹೆಂಗಸು ಇಡಿಯಾಗಿ ನನ್ನ ಕಿವಿಯೊಳಗೆ ಬಂದು ಕೂತದ್ದು ಅದೇ ಮೊದಲು. ಹಾಡು ಮುಗಿದಾಗ ಯಾವುದೋ ಗರ್ಭಗುಡಿಯಿಂದ ಹೊರಬಂದಂತಿತ್ತು.

"ಎಪ್ಪಡಿ?" ಎಂದ ವಾಸು.

"ಏನು ಹೇಳಲಿ? ಮಾತೇ ಬರ್ತಾ ಇಲ್ಲ."

"ಮಾತು ಬರಬೇಕಮ್ಮಾ, ಅದಕ್ಕೇ ಅಲ್ಲವಾ ಕರೆಸಿರೋದು!" ಎಂದು ಅವನು ತನ್ನ ಅಭಿಪ್ರಾಯ ಹೇಳಿದ. ಅವನ ಭಾಷೆಯೆಲ್ಲ ಅಡುಗೆಮನೆಯದು. ಕೆಂಪು ದಾರದ್ದು ಹದವಾದ ಸಾರು. ಹಸಿರು ದಾರದ್ದು ಬೇಳೆ ಹೆಚ್ಚಾಗಿ ಮಂದವಾದದ್ದು. ಇನ್ನೊಂದು ತಣ್ಣಗಾದ ದೋಸೆ. ನಾನು ನಗುತ್ತಲೇ ನನಗೆ ತೋಚಿದ್ದನ್ನು ಹೇಳುತ್ತಾ ಹೋದೆ. ಎಲ್ಲವೂ ಚೆನ್ನಾಗಿದ್ದವು, ಆದರೆ ಒಂದಕ್ಕಿಂತ ಒಂದು ಹೇಗೆ ಬೇರೆ ಎಂದು ಹೇಳುವುದು ಕಷ್ಟವಾಗುತ್ತಿತ್ತು.

ಊಟವಾದ ಮೇಲೆ ಹಳದಿ ದಾರದ್ದು ಬಂತು. ವಾಸು ತಲೆಗೆ ಹಾಕಿ, ಹಾಡು ಶುರುವಾದ ಕೂಡಲೇ ಮುಖ ಕಿವುಚಿ ಕಿತ್ತು ತೆಗೆದ. "ಅಯ್ಯೋ, ಕಿವಿಗೆ ಕುತ್ತತ್ತೆ! ತಾಳ ಅಲ್ಲ ಇದು, ಸೂಜಿ."

ನಾನು ಹಾಕಿಕೊಂಡೆ. ನನಗೆ ಅದರಷ್ಟು ಇಂಪಾದದ್ದು ಆ ದಿನ ಯಾವುದೂ ಇರಲಿಲ್ಲ. ಹಾಡಿನ ಮೇಲಿದ್ದ ತೆಳುವಾದ ಪರದೆಯೊಂದು ಸರಿದಂತಾಯಿತು. ಇದೇ ಎಲ್ಲಕ್ಕಿಂತ ಮೇಲು, ಇದನ್ನು ಬಿಟ್ಟು ಬೇರೆ ಯಾವುದೂ ಬೇಡ ಎಂದು ಧೈರ್ಯವಾಗಿ ಹೇಳಿದೆ.

ಗಾಜಿನ ಆಚೆ ಕೂತಿದ್ದ ಇನ್ನಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಳದಿ ದಾರದ್ದು ತಯಾರಿಕೆಯಲ್ಲೇ ಕೆಟ್ಟುಹೋದದ್ದಂತೆ. ಸಣ್ಣ, ಚೂಪು ದನಿಗಳನ್ನು ಅಳತೆ ಮೀರಿ ಎತ್ತಿ ತೋರಿಸುತ್ತದೆ. ಕೇಳುವವರು ಎಚ್ಚರವಾಗಿದ್ದಾರೋ ಇಲ್ಲವೋ ಎಂದು ನೋಡಲು ನಡುವೆ ಸೇರಿಸಿರುತ್ತಾರೆ. ಅದು ನನಗೆ ತಿಳಿದದ್ದು ಆಮೇಲೆ. ಆಗ ವಿದ್ಯಾ ಒಳಗೆ ಬಂದು, ಹೆಗಲ ಮೇಲೆ ಕೈಯಿಟ್ಟು, "ದೊಡ್ಡಮ್ಮ, ಎಲ್ಲರಿಗೂ ಒಂದು ಕಿವಿ ಪರೀಕ್ಷೆ ಮಾಡಿಸ್ತೀವಿ. ನಿಮ್ಮದು ಮೊದಲೇ ಮಾಡಿಸಬೇಕಿತ್ತು. ನಾಳೆ ಹೋಗಿಬರೋಣ" ಎಂದಳಷ್ಟೆ.

ಆಸ್ಪತ್ರೆ

ಪೋರೂರಿನ ಒಂದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವಾಕೆಯ ಹೆಸರು ಸೆಲ್ವಿ. ಎಳೆಯ ವಯಸ್ಸು, ಗಂಭೀರ ಮುಖ. ಅಲ್ಲಿಯೂ ಒಂದು ಮುಚ್ಚಿದ ಗೂಡು, ಅಲ್ಲಿಯೂ ತಲೆಗೆ ಒಂದು ಹೆಡ್‌ಫೋನು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ನಾನು ಪರೀಕ್ಷೆಗೆ ಕೂತ ಹುಡುಗಿಯ ಉತ್ಸಾಹದಿಂದ ಒತ್ತುತ್ತಾ ಹೋದೆ. ನಡುವೆ ತುಂಬ ಹೊತ್ತು ಏನೂ ಬರಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಗಾಜಿನಾಚೆ ನೋಡಿದೆ. ಸೆಲ್ವಿ ತಲೆ ತಗ್ಗಿಸಿ ಗುಂಡಿ ತಿರುಗಿಸುತ್ತಲೇ ಇದ್ದಳು. ಅವಳ ಪಕ್ಕದಲ್ಲಿ ಕೂತಿದ್ದ ವಿದ್ಯಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಆ ನೋಟ ನೋಡಿದ ಮೇಲೆ ನನಗೆ ಗೊತ್ತಾಯಿತು, ಸದ್ದು ಬರುತ್ತಿದೆ, ನನಗೆ ಕೇಳುತ್ತಿಲ್ಲ.

ಕಾಗದದ ಮೇಲೆ ಎರಡು ಗೆರೆಗಳಿದ್ದವು. ಸ್ವಲ್ಪ ದೂರ ಸಮನಾಗಿ ನಡೆದು, ಆಮೇಲೆ ಬಾವಿಯ ಮೆಟ್ಟಿಲಿನ ಹಾಗೆ ಇಳಿದುಬಿಟ್ಟಿದ್ದವು. ಎಡಗಿವಿಯದು ಇನ್ನೂ ಆಳಕ್ಕೆ. ಸೆಲ್ವಿ ತಮಿಳಿನಲ್ಲಿ ಹೇಳಿದ್ದನ್ನು ವಿದ್ಯಾ ಕನ್ನಡದಲ್ಲಿ ಹೇಳಿದಳು. ದಪ್ಪ ದನಿ, ನಡುವಿನ ದನಿ ಎಲ್ಲ ಚೆನ್ನಾಗಿ ಕೇಳುತ್ತದೆ. ಸಣ್ಣ ದನಿಗಳು ಹೋಗಿಬಿಟ್ಟಿವೆ. ಒಂದೆರಡು ವರ್ಷದ್ದಲ್ಲ, ಬಹಳ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ಹೋಗಿರಬೇಕು.

"ನಾನು ರಿಟೈರ್ ಆಗೋವರೆಗೂ ಒಂದು ನಂಬರು ತಪ್ಪು ಕೇಳಿಸ್ಕೊಂಡಿಲ್ಲ ಕಣೇ!" ಎಂದೆ. ನನ್ನ ದನಿ ಏರಿತ್ತು.

"ಅದೂ ನಿಜ ದೊಡ್ಡಮ್ಮ. ಫೋನಿನ ತಂತಿಯಲ್ಲಿ ಸಣ್ಣ ದನಿಗಳು ಬರೋದೇ ಇಲ್ಲ. ನಡುವಿನದಷ್ಟೇ ಬರೋದು. ಅಷ್ಟರಲ್ಲಿ ನಿಮ್ಮ ಕಿವಿ ಚೆನ್ನಾಗಿದೆ. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ನಿಮಗೂ."

ಹೆಡ್‌ಸೆಟ್ಟಿನಿಂದ ಹೀಗಾಯಿತೇ ಎಂದು ಕೇಳಿದೆ. ಸೆಲ್ವಿ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ವಯಸ್ಸಿರಬಹುದು, ಮನೆತನದ್ದಿರಬಹುದು ಎಂದಳು. ನನ್ನ ಅಪ್ಪನಿಗೂ ಕೊನೆಗಾಲದಲ್ಲಿ ಕಿವಿ ಮಂದವಾಗಿತ್ತು. ಎಲ್ಲರೂ ಅವರ ಮೇಲೆ ಕೂಗುತ್ತಿದ್ದೆವು.

ಮನೆಗೆ ಬಂದು ಕೋಣೆಯಲ್ಲಿ ಕೂತೆ. ಇಷ್ಟು ಕಾಲ ಜನ ಹೊಗಳಿದ್ದು, ನಾನು ಹಿಗ್ಗಿದ್ದು ಎಲ್ಲವೂ ಇಲ್ಲದ ಕಿವಿಯ ಮೇಲೆ ಎನಿಸಿ ನಾಚಿಕೆಯಾಯಿತು. ಅಷ್ಟರಲ್ಲಿ ಅನಘಾ ಬಾಗಿಲಲ್ಲಿ ಬಂದು ನಿಂತಿತು. ಅಮ್ಮ ಏನೋ ಹೇಳಿಕೊಟ್ಟಿರಬೇಕು. ನನ್ನ ಎದುರಿಗೆ ಮಂಡಿಯೂರಿ, ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಒಂದೊಂದೇ ಮಾತನ್ನು ಬಿಡಿಸಿ ಹೇಳಿತು.

"ದೊಡ್ಡಜ್ಜಿ. ಕಾಫಿಗೆ. ಸಕ್ಕರೆ. ಸಾಕಾ?"

ಕನ್ನಡ!

"ಇದ್ಯಾವಾಗ ಕಲಿತ್ಯೇ ಚಿನ್ನಾ?" ಎಂದೆ.

ಬಾಗಿಲಾಚೆಯಿಂದ ವಿದ್ಯಾ ಹೇಳಿದಳು. "ನೀವು ಬಂದ ಮಾರನೇ ದಿನದಿಂದ ನಿಮ್ಮ ಹತ್ರ ಕನ್ನಡದಲ್ಲೇ ಮಾತಾಡ್ತಿದಾಳೆ ದೊಡ್ಡಮ್ಮ. ದಿನಾ ನನ್ನ ಕೇಳಿ ಕೇಳಿ ಕಲಿತ್ಕೊಂಡು ಬರ್ತಿದ್ಲು. ನೀವು ತಮಿಳು ಬರಲ್ಲ ಅಂತಿದ್ರಿ."

ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅದಕ್ಕೆ ನನ್ನ ಮೇಲೆ ಬೇಸರವಿರಲಿಲ್ಲ. ಸಕ್ಕರೆಯ ವಿಷಯವಷ್ಟೇ ಇತ್ಯರ್ಥವಾಗಬೇಕಿತ್ತು.

ಮತ್ತೆ ಪೆರುಂಗುಡಿ

ಊರಿಗೆ ಹೋಗುತ್ತೇನೆ ಎಂದೆ. ವಿದ್ಯಾ ಬಿಡಲಿಲ್ಲ. "ತಲೆನೂ ಜೊತೆಗೆ ತನ್ನಿ ಅಂದಿರಲಿಲ್ವಾ? ಇನ್ನು ತಲೆಯ ಕೆಲಸ."

ಮೊದಲು ಅದು ಸಮಾಧಾನದ ಮಾತೆಂದುಕೊಂಡೆ. ಅಲ್ಲ, ನಿಜವಾದ ಕೆಲಸವೇ ಇತ್ತು. ಈ ಹೆಡ್‌ಫೋನುಗಳನ್ನು ರೂಪಿಸಿದವರು ಚಳಿದೇಶದ ಜನ. ಅವರು ತಮ್ಮಲ್ಲಿ ಪರೀಕ್ಷಿಸಿದ ತಲೆಗಳಿಗೆ ತುರುಬಿರಲಿಲ್ಲ, ಕಿವಿಗೆ ಓಲೆ ಜುಮುಕಿ ಇರಲಿಲ್ಲ, ಬೆವರೂ ಇರಲಿಲ್ಲ. ಚರ್ಮದ ಮೆತ್ತೆ ಚೆನ್ನೈನಲ್ಲಿ ಒಂದು ಹಾಡು ಮುಗಿಯುವುದರೊಳಗೆ ಒದ್ದೆ. ಮಖಮಲ್ಲಿನದು ತಂಪು, ಆದರೆ ಓಲೆಯ ತಿರುಪನ್ನು ಕಿವಿಯ ಹಿಂದೆ ಒತ್ತುತ್ತದೆ. ಪಟ್ಟಿ ನೇರವಾಗಿ ನೆತ್ತಿಯ ಮೇಲೆ ಕೂತರೆ ಹೂ ಮುಡಿದವರು ಹೂ ತೆಗೆಯಬೇಕು, ಹಿಂದಕ್ಕೆ ಸರಿಸಿದರೆ ಮೆತ್ತೆ ಜಾರಿ ದವಡೆಗೆ ಬರುತ್ತದೆ. ಆಫೀಸಿನ ಹುಡುಗಿಯರು ನಾಲ್ಕಾರು ಜನ, ಜೊತೆಗೆ ನಾನು. ಏಸಿ ಇಲ್ಲದೆ ಫ್ಯಾನಷ್ಟೇ ಇದ್ದ ಕೋಣೆಯಲ್ಲಿ ಮಧ್ಯಾಹ್ನವೆಲ್ಲ ಹೆಡ್‌ಫೋನು ಹಾಕಿಕೊಂಡು ಕೂತು, ಯಾವಾಗ ಎಲ್ಲಿ ನೋವು ಬರುತ್ತದೆಂದು ಹೇಳಬೇಕು.

ನನಗೆ ಗೊತ್ತಿದ್ದದ್ದು ಒಂದೇ. ತಲೆಗೆ ಪಟ್ಟಿ ಹಾಕಿದ ನೋವು ಹಾಕಿದಾಗ ಬರುವುದಿಲ್ಲ. ಮೊದಲು ಸುಖವಾಗಿಯೇ ಇರುತ್ತದೆ. ಆಮೇಲೆ ಕಾರಣವಿಲ್ಲದೆ ಪಕ್ಕದವರ ಮೇಲೆ ಸಿಟ್ಟು ಬರತೊಡಗುತ್ತದೆ. ಅದೇ ಮೊದಲ ಲಕ್ಷಣ. ಎಕ್ಸ್‌ಚೇಂಜಿನಲ್ಲಿ ನಾವು ಹಾಗೆಯೇ ಕಂಡುಕೊಂಡಿದ್ದೆವು. ಇದನ್ನು ಹೇಳಿದಾಗ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಮಾರನೆಯ ದಿನ ಹಸಿರು ದಾರದ್ದನ್ನು ಹಾಕಿಕೊಂಡು ಕೂತ ಇಬ್ಬರು ಫ್ಯಾನಿನ ವಿಷಯಕ್ಕೆ ಜಗಳವಾಡಿಕೊಂಡಾಗ ವಿದ್ಯಾ ಓಡಿಬಂದು ಇಬ್ಬರ ಪಟ್ಟಿಯ ಬಿಗಿಯನ್ನೂ ಅಳೆದಳು. ಆ ಹಾಸ್ಯದಲ್ಲೇ ದಿನಗಳು ಹಗುರವಾದವು.

ಒಂದು ಸಂಜೆ ವಾಸು ನನ್ನ ಹತ್ತಿರ ಬಂದು ನಿಂತ. "ಅಮ್ಮಾ, ನಿಮ್ಮ ಕಿವಿ ರಿಪೋರ್ಟು ವಿದ್ಯಾ ಹತ್ತಿರ ಕೇಳಿ ವಾಂಗಿಕೊಂಡೆ. ತಪ್ಪು ತಿಳೀಬೇಡಿ. ಭಾನುವಾರ ನಮ್ಮ ಆತ್ತಿಗೆ ಬರ್ತೀರಾ? ಮನೆಗೆ. ಒಂದು ಏರ್ಪಾಡು ಮಾಡಿದೀನಿ."

ಪೆರಂಬೂರು

ಈ ಸಲ ಬೇಕೆಂದೇ ಪೆರಂಬೂರಿಗೆ ಹೋದೆ. ವಾಸುವಿನ ಅಪ್ಪ ಅಲ್ಲಿನ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಹಳೆಯ ಮನೆ, ಕೆಂಪು ಗಾರೆ ನೆಲ, ಬಾಗಿಲಲ್ಲಿ ಅಕ್ಕಿಹಿಟ್ಟಿನ ಕೋಲಂ ರಂಗೋಲಿ. ವಾಸುವಿನ ತಾಯಿ ಪದ್ಮಾವತಮ್ಮ ಕಚ್ಚೆ ಸೀರೆಯಲ್ಲಿ ಒಳಗಿನಿಂದಲೇ ಕೂಗಿದರು.

"ಬಾಮ್ಮಾ, ಕೂತ್ಕೋ. ನಾನು ಮಡಿ. ಅಡಿಗೆ ಆಗ್ತಾ ಇದೆ, ಊಟ ಮಾಡೇ ಹೋಗಬೇಕು."

ವಾಸು ಬೀರುವಿನಿಂದ ಬಟ್ಟೆಯ ಚೀಲವೊಂದನ್ನು ಎರಡು ಕೈಯಲ್ಲಿ ಹಿಡಿದು ತಂದ. ಒಳಗೆ ಅವನ ಸ್ವಂತ ಹೆಡ್‌ಫೋನು. ಜರ್ಮನಿಗೆ ಹೋದ ಸ್ನೇಹಿತನಿಂದ ತರಿಸಿದ್ದಂತೆ. ಅದನ್ನು ಬೇರೆ ಯಾರ ತಲೆಗೂ ಕೊಟ್ಟವನಲ್ಲ ಎಂದು ವಿದ್ಯಾ ಮೊದಲೇ ಹೇಳಿದ್ದಳು.

"ಸಾಲಿಗ್ರಾಮಕ್ಕಿಂತ ಜಾಸ್ತಿ ಮಡಿ ಅದಕ್ಕೆ," ಎಂದರು ಪದ್ಮಾವತಮ್ಮ ಅಡುಗೆಮನೆಯಿಂದ. "ಮುಟ್ಟಿದ್ರೆ ಸ್ನಾನ ಮಾಡ್ಸಿಬಿಡ್ತಾನೆ."

ವಾಸು ಕಂಪ್ಯೂಟರಿನ ಮುಂದೆ ಕೂತು ವಿವರಿಸಿದ. ನನ್ನ ರಿಪೋರ್ಟಿನ ಗೆರೆ ಎಲ್ಲೆಲ್ಲಿ ಇಳಿದಿದೆಯೋ ಅಲ್ಲಲ್ಲಿ, ಅಷ್ಟಷ್ಟೇ, ದನಿಯನ್ನು ಮೇಲೆತ್ತಿ ಕೊಡುವಂತೆ ಅವನೂ ವಿದ್ಯಾಳೂ ಹೊಂದಿಸಿದ್ದರು. ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು. "ಹೋದದ್ದು ಪೂರಾ ವಾಪಸ್ ಬರೋದಿಲ್ಲ ಅಮ್ಮಾ. ಇರೋ ಬಾಗಿಲಲ್ಲೇ ಸ್ವಲ್ಪ ತಳ್ಳಿ ಒಳಗೆ ಕಳಿಸ್ತೀವಿ. ನೋವಾದ್ರೆ ಕೂಡಲೇ ಹೇಳಿ."

ಪೆರುಂಗುಡಿಯಲ್ಲಿ ಮೊದಲ ದಿನ ಕೇಳಿದ ಅದೇ ಹಾಡು. ತಂಬೂರಿ ಶುರುವಾಯಿತು. ನಾನು ಅದನ್ನು ಆವತ್ತು ಕೇಳಿದ್ದೇನೆಂದುಕೊಂಡಿದ್ದೆ. ಕೇಳಿರಲಿಲ್ಲ. ತಂತಿಯ ಸದ್ದಿನ ಮೇಲೆ ಇನ್ನೊಂದು ಸದ್ದು, ಬಿಸಿಲಿನಲ್ಲಿ ಧೂಳಿನ ಕಣ ಹೊಳೆಯುವ ಹಾಗೆ, ಮಿನುಗುತ್ತಾ ಏಳುತ್ತಿತ್ತು. ಹಾಡುಗಾರ್ತಿಯ ಕೈಯಲ್ಲಿ ಬಳೆಗಳಿದ್ದವು. ಬಳೆಗಳು! ತಾಳ ಹಾಕಿದಾಗಲೆಲ್ಲ ಒಂದಕ್ಕೊಂದು ತಾಗುತ್ತಿದ್ದವು. ಖಂಜಿರದ ಬಿಲ್ಲೆ ಸಣ್ಣಗೆ ನಡುಗಿ ನಿಲ್ಲುತ್ತಿತ್ತು. ಸಾಹಿತ್ಯದಲ್ಲಿ ಸಕಾರ ಬಂದಾಗ ಅದು ಸಕಾರವಾಗಿಯೇ ಬಂತು, ಅಂಚು ಚೂಪಾಗಿ. ಸಭೆಯಲ್ಲಿ ಯಾರೋ ಹಿಂದಿನ ಸಾಲಿನವರು ರೇಷ್ಮೆ ಸೀರೆ ಸರಿಪಡಿಸಿಕೊಂಡರು. ಅದೂ ಕೇಳಿತು. ನಾನು ಕಣ್ಣು ಮುಚ್ಚಿರಲಿಲ್ಲ, ತೆರೆದೇ ಇದ್ದೆ. ಎದುರಿಗಿದ್ದ ಗೋಡೆಯ ಕ್ಯಾಲೆಂಡರು, ಕಿಟಕಿ, ವಾಸುವಿನ ಮುಖ ಎಲ್ಲವನ್ನೂ ಯಾರೋ ಆಗಷ್ಟೇ ನೀರೆರಚಿ ಒರೆಸಿದಂತೆ ಕಾಣುತ್ತಿತ್ತು.

ಹಾಡು ನಿಲ್ಲಿಸಿ ವಾಸು ಒಂದು ಮೈಕು ತೆಗೆದ. ಉದ್ದ ತಂತಿ ಎಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋದ. ಒಳಗಿನಿಂದ ಗದರಿಕೆ ಬಂತು. ಮಡಿಯ ಜಾಗಕ್ಕೆ ಅದೆಲ್ಲ ಕೂಡದು. ಕೊನೆಗೆ ರಾಜಿಯಾಗಿ, ಮೈಕನ್ನು ಹೊಸಿಲಿನ ಈಚೆ, ಬಾಗಿಲ ಚಿಲಕಕ್ಕೆ ನೇತುಹಾಕಿದ.

ಮೊದಲು ಬಂದದ್ದು ಪದ್ಮಾವತಮ್ಮನವರ ಸೀರೆಯಂಚು ಗಾರೆಗೆ ಸವರುವ ಸದ್ದು. ಆಮೇಲೆ ಸೌಟು. ಆಮೇಲೆ ಹಿತ್ತಲಿನ ಬೇವಿನ ಮರದಲ್ಲಿ ಏನೋ ಚಿಲಿಪಿಲಿ. ಒಂದಲ್ಲ, ಎಷ್ಟೋ. ಆ ಮರದಲ್ಲಿ ಹಕ್ಕಿಗಳಿವೆಯೆಂದು ಬಂದಾಗಿನಿಂದ ನನಗೆ ತಿಳಿದಿರಲೇ ಇಲ್ಲ. ಅಷ್ಟರಲ್ಲಿ ಅವರು ಒಗ್ಗರಣೆ ಸೌಟು ಒಲೆಯ ಮೇಲಿಟ್ಟರು. ಎಣ್ಣೆ ಕಾದಿತು. ಸಾಸಿವೆ ಬಿತ್ತು.

ಚಟ್. ಚಟಚಟ್. ಆಮೇಲೆ ಮಳೆ ಬಂದಂತೆ.

ಕೆಲವು ವರ್ಷಗಳಿಂದ ನನ್ನ ಒಗ್ಗರಣೆ ಸೀಯುತ್ತಿತ್ತು. ಕೈಗುಣ ಹೋಯಿತು ಎಂದು ಮನೆಯಲ್ಲಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಸಾಸಿವೆಯನ್ನು ನಾನು ಕಣ್ಣಿನಿಂದ ಕಾಯುತ್ತಿದ್ದೆ, ಹಾರುವುದನ್ನು ನೋಡಿ ಇಳಿಸುತ್ತಿದ್ದೆ. ಅದಕ್ಕೊಂದು ಸದ್ದಿತ್ತೆಂಬುದನ್ನೂ, ಆ ಸದ್ದು ನನ್ನನ್ನು ಬಿಟ್ಟು ಹೋಗಿದೆಯೆಂಬುದನ್ನೂ ಎರಡನ್ನೂ ಒಟ್ಟಿಗೆ ಮರೆತಿದ್ದೆ. ಈಗ ಅದು ಒಂದೊಂದು ಕಾಳಾಗಿ ಕೇಳುತ್ತಿತ್ತು. ನನ್ನ ಅಮ್ಮ ಮಣೆಯ ಮೇಲೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಸಿವೆ ಸಿಡಿದು ಮುಗಿಯುವ ತನಕ ಕೈಯಲ್ಲಿ ಕರಿಬೇವು ಹಿಡಿದುಕೊಂಡಿರುತ್ತಿದ್ದದ್ದು ನೆನಪಾಯಿತು.

ಕರಿಬೇವು ಬಿತ್ತು. ಚುಯ್ಯೆಂದಿತು. ನನ್ನ ಕಣ್ಣು ತುಂಬಿ ಹರಿಯಿತು.

ವಾಸು ಗಾಬರಿಯಾದ. "ನೋವಾಯ್ತಾ ಅಮ್ಮಾ? ತೆಗೀಲಾ?"

ನಾನು ಎರಡು ಕೈಯಲ್ಲೂ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, ಬೇಡವೆಂದು ತಲೆಯಾಡಿಸಿದೆ.

ಪದ್ಮಾವತಮ್ಮ ಹೊಸಿಲಿಗೆ ಬಂದು ನೋಡಿದರು. ಅವರ ಮಾತು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಬಂತು. "ಇದೇನೋ ವಾಸು, ಸಾಸುವೆ ಶಬ್ದಕ್ಕೆ ಅಳೋವರನ್ನ ನಾನು ಪಾತ್ತಿಲ್ಲಪ್ಪಾ." ಅಷ್ಟು ಹೇಳಿ ಒಳಗೆ ಹೋದರು. ಮತ್ತೊಂದು ಸಲ ಎಣ್ಣೆ ಕಾಯಿಸಿದರು. ಸಾರಿಗೆ ಒಗ್ಗರಣೆ ಆಗಿಹೋಗಿತ್ತು, ಮಜ್ಜಿಗೆಗೆ ಬೇಕಾಗಿರಲಿಲ್ಲ. ಆದರೂ ಸಾಸಿವೆ ಹಾಕಿದರು.

ಹೊರಡುವುದು

ಪೋರೂರಿನ ಆಸ್ಪತ್ರೆಗೆ ಈ ಸಲ ನಾನೇ ಹೋಗೋಣವೆಂದೆ. ಸೆಲ್ವಿ ಕಿವಿಯ ಹಿಂದೆ ಕೂರುವ ಯಂತ್ರವನ್ನು ಅಳತೆಗೆ ಹೊಂದಿಸಿಕೊಟ್ಟಳು. ನಾನು ಪೆರಂಬೂರಿನದೇ ಬೆರಗನ್ನು ನಿರೀಕ್ಷಿಸಿಕೊಂಡು ಕೂತಿದ್ದೆ. ಗುಂಡಿ ಅದುಮಿದ ಕೂಡಲೇ ತಗಡಿನ ಡಬ್ಬಿಯೊಳಗೆ ಬಿದ್ದಂತಾಯಿತು. ನನ್ನ ದನಿಯೇ ನನಗೆ ಕರ್ಕಶ. ಕುರ್ಚಿ ಎಳೆದರೆ ಕಿರುಚಾಟ, ಕಾಗದ ಮಡಿಸಿದರೆ ಪಟಾಕಿ. ವಾಸುವಿನ ಹೆಡ್‌ಫೋನಿಗೂ ಇದಕ್ಕೂ ಹೋಲಿಕೆಯೇ ಇಲ್ಲ ಎಂದು ವಿದ್ಯಾಳಿಗೆ ಪೆಚ್ಚುಮುಖ ಹಾಕಿ ಹೇಳಿದೆ.

ಸೆಲ್ವಿಗೆ ಅದು ಅರ್ಥವಾಗಿರಬೇಕು. ನಿಧಾನವಾಗಿ ಹೇಳಿದಳು, ವಿದ್ಯಾ ಅದನ್ನೇ ಕನ್ನಡದಲ್ಲಿ ಹೇಳಿದಳು. "ಆ ಹೆಡ್‌ಫೋನು ಹಾಡಿಗೆ ಮಾಡಿದ್ದು. ಇದು ಬದುಕೋಕೆ ಮಾಡಿದ್ದು. ಕೆಲವು ತಿಂಗಳು ಸಹಿಸ್ಕೊಳ್ಳಿ. ಸದ್ದುಗಳನ್ನೆಲ್ಲ ಮರೆತಿರೋ ತಲೆ ಮತ್ತೆ ಕಲೀಬೇಕು."

ಹಗಲಿನ ರೈಲಿಗೆ ಹೊರಟೆ. ಸೆಂಟ್ರಲ್‌ನಲ್ಲಿ ಅನಘಾ ಕೈ ಬೀಸಿತು. ವಾಸು ರಜೆ ಹಾಕಿ ಬಂದಿದ್ದ. ರೈಲು ಚಲಿಸಿದ ಮೇಲೆ ನನ್ನ ಪಾಡು ಶುರುವಾಯಿತು. ಗಾಲಿಗಳ ಕಿರ್ರೆನ್ನುವ ಸದ್ದು, ಚಹಾದವನ ಕೂಗು, ಪಕ್ಕದವರು ಚಿಪ್ಸ್ ಪೊಟ್ಟಣ ಹರಿದದ್ದು, ಮೇಲಿನ ಫ್ಯಾನಿನ ಜಾಲರಿ ಅಲುಗುವುದು, ಎಲ್ಲವೂ ಒಂದೇ ಸಮನೆ ತಲೆಯೊಳಗೆ ನುಗ್ಗುತ್ತಿತ್ತು. ಯಂತ್ರಕ್ಕೆ ಒಂದು ಸಣ್ಣ ಗುಂಡಿಯಿದೆ, ಅದುಮಿದರೆ ಮುಗಿಯಿತು. ಬೆರಳು ಎಷ್ಟೋ ಸಲ ಕಿವಿಯ ಹಿಂದಕ್ಕೆ ಹೋಗಿ ಬಂತು.

ಎದುರು ಸೀಟಿನಲ್ಲಿ ಒಬ್ಬ ಹೆಣ್ಣುಮಗಳು, ಬೆಂಗಳೂರಿಗೆ ತವರಿಗೆ ಹೊರಟವಳು, ತೊಡೆಯ ಮೇಲೆ ಕೈಗೂಸು. ಕಾಟ್ಪಾಡಿ ಬಿಟ್ಟ ಮೇಲೆ ಆ ಕೂಸು ಅಳಲು ಹಿಡಿಯಿತು. ಎಳೆಗೂಸಿನ ಅಳು ಅಷ್ಟು ಸಣ್ಣಗೆ, ಅಷ್ಟು ಎತ್ತರಕ್ಕೆ ಹೋಗುತ್ತದೆಂದು ನನಗೆ ನೆನಪೇ ಇರಲಿಲ್ಲ. ಅಕ್ಕಪಕ್ಕದವರು ಮುಖ ಗಂಟಿಕ್ಕಿದರು. ಒಬ್ಬರು ಎದ್ದು ಬೇರೆ ಕಡೆ ಹೋದರು. ಆ ತಾಯಿ ತಟ್ಟಿದಳು, ಹೆಗಲಿಗೆ ಹಾಕಿಕೊಂಡಳು, ಕಿಟಕಿ ತೋರಿಸಿದಳು. ಕೊನೆಗೆ ನಾನು ಕಿವಿಗೆ ಕೈ ಹಾಕಿದ್ದನ್ನು ನೋಡಿ ಅವಳ ಮುಖ ಸಣ್ಣದಾಯಿತು.

"ಸಾರಿ ಆಂಟಿ, ನಿಮಗೆ ತೊಂದರೆ ಆಗ್ತಿದೆ. ಏನು ಮಾಡಿದ್ರೂ ನಿಲ್ಲಿಸ್ತಾ ಇಲ್ಲ."

ನಾನು ಕೈಯನ್ನು ಕಿವಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

"ಅಳಲಿ ಬಿಡಮ್ಮ," ಎಂದೆ. "ನಂಗೆ ಕೇಳಿಸ್ತಾ ಇದೆ."